ಮೈಕಿಗೆ ಮೊದಲು ಜಮಖಾನ

ಸಂಪಾದಕರಿಗೆ,

ಮಾನ್ಯರೇ,

ಪಾಡ್‌ಕಾಸ್ಟ್ ಶುರು ಮಾಡುವವರಿಗೆಂದು ಪುರವಣಿಗಳಲ್ಲಿ ಬರುವ ಸಲಕರಣೆಗಳ ಪಟ್ಟಿ ಸಾಮಾನ್ಯವಾಗಿ ಮೈಕಿನಿಂದ ಶುರುವಾಗುತ್ತದೆ, ಅದೂ ಮೂವತ್ತು ನಲವತ್ತು ಸಾವಿರದ ಮೈಕಿನಿಂದ. ಧ್ವನಿಮುದ್ರಣ, ಸಂಕಲನವನ್ನೇ ಕಸುಬು ಮಾಡಿಕೊಂಡಿರುವ ನಮಗೆ ಈ ಕ್ರಮವೇ ತಲೆಕೆಳಗಾಗಿ ಕಾಣುತ್ತದೆ. ಕೇಳುವವರ ಕಿವಿಗೆ ಮೊದಲು ಬೀಳುವುದು ಕೋಣೆ. ಆಮೇಲೆ ಬಾಯಿಗೂ ಮೈಕಿಗೂ ಇರುವ ದೂರ. ಮೈಕಿನ ಜಾತಿ ಮೂರನೆಯದು, ಅದರ ಬೆಲೆ ಇನ್ನೂ ಕೆಳಗೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಬಿತ್ತರಿಸಿದ್ದರು. ಮನೆಯಿಂದ ಮಾತಾಡಿ ಊರಿಗೆ ಕೇಳಿಸುವುದು ನಮಗೆ ಹೊಸದೇನಲ್ಲ. ಹೊಸದೆಂದರೆ ಈಗಿನ ಮನೆಗಳ ನೆಲ ಮತ್ತು ಗೋಡೆ.

ವಿಟ್ರಿಫೈಡ್ ಟೈಲ್ಸ್ ನೆಲ, ನುಣ್ಣಗೆ ಪುಟ್ಟಿ ಹಚ್ಚಿದ ಗೋಡೆ, ಮೇಲೆ ಕಾಂಕ್ರೀಟ್ ತಾರಸಿ, ಒಂದು ಬದಿಗೆ ಗಾಜಿನ ಕಿಟಕಿ. ಈ ಆರು ಮುಖಗಳಲ್ಲಿ ಒಂದೂ ಸದ್ದನ್ನು ಹೀರುವುದಿಲ್ಲ. ಕೋಣೆಯ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ತಟ್ಟಿದ ಮೇಲೆ ‘ಠಿಂಯ್’ ಎಂದು ಲೋಹದಂಥ ಬಾಲ ಎಳೆದರೆ ಆ ಕೋಣೆಯಲ್ಲಿ ಎಷ್ಟು ದುಡ್ಡಿನ ಮೈಕ್ ಇಟ್ಟರೂ ಬಾವಿಯೊಳಗಿಂದ ಮಾತಾಡಿದ ಹಾಗೇ ಕೇಳುತ್ತದೆ. ಮುದ್ರಣವಾದ ಮೇಲೆ ಈ ಗುಂಯ್‌ಗುಟ್ಟುವಿಕೆಯನ್ನು ಪೂರ್ತಿ ತೆಗೆಯುವ ಸಾಫ್ಟ್‌ವೇರ್ ಇಲ್ಲ. ಈಗಿನ ಎಐ ಸಾಧನಗಳು ಬಹಳಷ್ಟು ತೆಗೆಯುತ್ತವೆ ನಿಜ, ಜೊತೆಗೆ ಮಾತಿನ ಅಂಚನ್ನೂ ಸವೆಸಿಬಿಡುತ್ತವೆ. ‘ಳ’ ಮತ್ತು ‘ಲ’ ಒಂದರ ಪಕ್ಕ ಒಂದು ಬಂದಾಗ ಈ ಸವೆತ ಚೆನ್ನಾಗಿ ಗೊತ್ತಾಗುತ್ತದೆ.

ಹಾಗಾಗಿ ಮೊದಲ ಖರ್ಚು ಜಮಖಾನ, ಅದೂ ಮನೆಯಲ್ಲಿ ಇಲ್ಲದಿದ್ದರೆ ಮಾತ್ರ. ಮನೆಯಲ್ಲಿ ಅತಿ ಚಿಕ್ಕದಾದ, ಸಾಮಾನು ತುಂಬಿದ ಕೋಣೆಯನ್ನು ಆರಿಸಿಕೊಳ್ಳಿ. ಹಾಸಿಗೆ, ಬಟ್ಟೆಯ ಬೀರು, ಪುಸ್ತಕದ ಕಪಾಟು ಇರುವ ಮಲಗುವ ಕೋಣೆ ಖಾಲಿ ಹಾಲಿಗಿಂತ ಎಷ್ಟೋ ಮೇಲು. ನೆಲಕ್ಕೆ ಜಮಖಾನ ಹಾಸಿ. ಆಮೇಲೆ ಬಹುತೇಕರು ತಪ್ಪುವ ಜಾಗ ಬರುತ್ತದೆ: ಕಂಬಳಿ, ಕೌದಿಯನ್ನು ಮೈಕಿನ ಹಿಂದೆ ಕಟ್ಟುತ್ತಾರೆ. ಪಾಡ್‌ಕಾಸ್ಟಿಗೆ ಬಳಸುವ ಮೈಕುಗಳು ಹೆಚ್ಚಾಗಿ ಕಾರ್ಡಿಯಾಯ್ಡ್, ಅಂದರೆ ಎದುರಿನದನ್ನು ಕೇಳಿಸಿಕೊಂಡು ಬೆನ್ನ ಹಿಂದಿನದನ್ನು ಬಿಡುವಂಥವು. ಮೈಕಿನ ಎದುರಿಗಿರುವುದು ಮಾತಾಡುವವರ ಮುಖ, ಅವರ ಬೆನ್ನ ಹಿಂದಿನ ಗೋಡೆ. ಆ ಗೋಡೆಗೆ ಬಡಿದು ಬಂದ ಸದ್ದೇ ನೇರ ಮೈಕಿನ ಬಾಯಿಗೆ ಬೀಳುತ್ತದೆ. ಹಾಗಾಗಿ ಕೌದಿ ತೂಗಬೇಕಾದ್ದು ಮಾತಾಡುವವರ ಹಿಂದೆ. ಬೀರುವಿನ ಬಾಗಿಲು ತೆರೆದು, ಸೀರೆಗಳ ಸಾಲಿಗೆ ಬೆನ್ನು ಕೊಟ್ಟು ಕೂತರೆ ಅದೂ ಆದೀತು. ಕೌದಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಮುಂದೆ, ಹಗ್ಗದ ಮೇಲೆ ಇಳಿಬಿಟ್ಟರೆ ಇನ್ನಷ್ಟು ಕೆಲಸ ಮಾಡುತ್ತದೆ.

ಆನ್‌ಲೈನಿನಲ್ಲಿ ಸಿಗುವ ಒಂದು ಅಂಗುಲದ ಕಪ್ಪು ಫೋಮ್ ಚೌಕಗಳ ಬಗ್ಗೆಯೂ ಒಂದು ಮಾತು. ಅಷ್ಟು ತೆಳ್ಳನೆಯ ಫೋಮ್ ಸಾವಿರ ಹರ್ಟ್ಸ್‌ಗಿಂತ ಮೇಲಿನ ತೀಕ್ಷ್ಣ ಸದ್ದನ್ನಷ್ಟೇ ಹೀರುತ್ತದೆ. ಗಂಡಸರ ದನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಸ್, ಹೆಂಗಸರದು 165ರಿಂದ 255. ಅಲ್ಲಿಗೆ ಅದರ ಕೈ ಎಟುಕುವುದೇ ಇಲ್ಲ. ಚುರುಕು ಸತ್ತು ಗುಂಗು ಉಳಿಯುತ್ತದೆ, ದನಿ ಡಬ್ಬಿಯೊಳಗೆ ಕೂತಂತಾಗುತ್ತದೆ. ಮೊಟ್ಟೆಯ ಟ್ರೇಗಳಂತೂ ಗೋಡೆಗೆ ಅಲಂಕಾರ, ಅಷ್ಟೇ. ಇನ್ನೊಂದು ವಿಷಯ: ಫೋಮಾಗಲಿ ಕೌದಿಯಾಗಲಿ ಹೊರಗಿನ ಸದ್ದನ್ನು ತಡೆಯುವುದಿಲ್ಲ. ಬಿಎಂಟಿಸಿ ಬಸ್ಸಿನ ಹಾರ್ನು, ಪಕ್ಕದ ಮನೆಯ ಕುಕ್ಕರ್ ವಿಷಲ್ಲು, ದೇವಸ್ಥಾನದ ಧ್ವನಿವರ್ಧಕ, ಮಲೆನಾಡಿನಲ್ಲಿ ತಗಡಿನ ಮೇಲೆ ಬೀಳುವ ಮಳೆ, ಇವಕ್ಕೆಲ್ಲ ಮದ್ದು ಹೊತ್ತು ನೋಡಿ ಮುದ್ರಿಸುವುದೊಂದೇ. ಬೆಳಗಿನ ಐದು ಗಂಟೆ, ಇಲ್ಲವೇ ರಾತ್ರಿ ಹತ್ತರ ಮೇಲೆ.

ಫ್ಯಾನ್ ಆರಿಸಬೇಕು. ಅದರ ಸದ್ದಿಗಿಂತ ಅದರ ಗಾಳಿ ಮೈಕಿನ ಪರದೆಗೆ ಬಡಿದು ಎಬ್ಬಿಸುವ ಗುಡುಗುಡು ದೊಡ್ಡ ತಲೆನೋವು. ಮೇ ತಿಂಗಳ ರಾಯಚೂರು, ಕಲಬುರಗಿಯಲ್ಲಿ ಫ್ಯಾನ್ ಆರಿಸಿ ಒಂದು ಗಂಟೆ ಮಾತಾಡಿ ಎನ್ನುವುದು ಕ್ರೌರ್ಯ. ಹದಿನೈದು ಹದಿನೈದು ನಿಮಿಷದ ತುಂಡುಗಳಲ್ಲಿ ಮುದ್ರಿಸಿ, ನಡುವೆ ಫ್ಯಾನ್ ಹಾಕಿಕೊಳ್ಳಿ. ಕರೆಂಟ್ ಹೋಗಿ ಮನೆ ಇನ್ವರ್ಟರ್ ಮೇಲೆ ಓಡುತ್ತಿದ್ದರೆ ನಿಲ್ಲಿಸುವುದೇ ಒಳ್ಳೆಯದು. ಅಗ್ಗದ ಸ್ಕ್ವೇರ್‌ವೇವ್ ಇನ್ವರ್ಟರ್‌ಗಳು ಅಡಾಪ್ಟರಿನ ಮೂಲಕ ಮೈಕಿನ ದಾರಿಗೇ ‘ಜುಂಯ್’ ಬೆರೆಸುತ್ತವೆ.

ಇನ್ನು ದೂರ. ನಮ್ಮ ಹಳೆಯ ಅಳತೆಯಲ್ಲಿ ಹೆಬ್ಬೆರಳಿನ ತುದಿಯಿಂದ ತೋರುಬೆರಳಿನ ತುದಿಗೆ ಒಂದು ಚೋಟು. ಸುಮಾರು ಆರು ಅಂಗುಲ. ಬಾಯಿಗೂ ಮೈಕಿಗೂ ಇರಬೇಕಾದ್ದು ಅಷ್ಟೇ. ಈ ದೂರ ಎರಡು ಪಟ್ಟಾದರೆ ಮೈಕಿಗೆ ನೇರವಾಗಿ ತಲುಪುವ ದನಿ 6 ಡೆಸಿಬೆಲ್ ಇಳಿಯುತ್ತದೆ, ಆದರೆ ಕೋಣೆಯ ಗುಂಗು ಇದ್ದಷ್ಟೇ ಇರುತ್ತದೆ. ಎರಡು ಅಡಿ ದೂರದಲ್ಲಿ ಮೇಜಿನ ಮೇಲೆ ಮೈಕಿಟ್ಟು ಕುರ್ಚಿಗೆ ಒರಗಿ ಕೂತರೆ ದನಿ 12 ಡೆಸಿಬೆಲ್ ಕಳೆದುಕೊಂಡಿರುತ್ತದೆ. ಆ ಕೊರತೆ ತುಂಬಲು ಗೇನ್, ಅಂದರೆ ದನಿ ಹಿಗ್ಗಿಸುವ ಮಟ್ಟ, ಏರಿಸಿದರೆ ಕೋಣೆ, ಫ್ರಿಜ್ಜು, ರಸ್ತೆ ಎಲ್ಲವೂ 12 ಡೆಸಿಬೆಲ್ ಮೇಲೇಳುತ್ತವೆ. ಹಾಗೆಂದು ತುಟಿಗೆ ತಾಗಿಸಿಕೊಂಡರೆ ಕಾರ್ಡಿಯಾಯ್ಡ್ ಮೈಕಿನಲ್ಲಿ ಮಂದ್ರ ಉಬ್ಬಿ ದನಿ ಗೊಗ್ಗರಾಗುತ್ತದೆ. ಚೋಟು ಸರಿಯಾದ ನಡುವಳತೆ.

ಮೈಕನ್ನು ಬಾಯಿಯ ನೇರ ಎದುರಿಗೆ ಇಡಬಾರದು, ಬಾಯಿಯ ಓರೆಗೆ ಇಡಬೇಕು. ಇಂಗ್ಲಿಷಿನ ಕೈಪಿಡಿಗಳು ಇದಕ್ಕೆ ‘ಪ’, ‘ಬ’ಗಳ ಕಾರಣವನ್ನಷ್ಟೇ ಕೊಡುತ್ತವೆ. ಕನ್ನಡದಲ್ಲಿ ಅವುಗಳ ಬೆನ್ನಿಗೆ ಮಹಾಪ್ರಾಣಗಳಿವೆ. ಅಂಗೈಯನ್ನು ತುಟಿಯಿಂದ ಒಂದು ಚೋಟು ದೂರ ಹಿಡಿದು ‘ಪಲ’, ‘ಫಲ’ ಎಂದು ನೋಡಿ. ಎರಡನೆಯದರ ಗಾಳಿ ಅಂಗೈಗೆ ಬಡಿಯುತ್ತದೆ. ಆ ಗಾಳಿ ಮೈಕಿನ ಪರದೆಗೆ ಬಡಿದಾಗ ‘ಧಬ್’ ಎಂಬ ಗುದ್ದು ಮುದ್ರಿತವಾಗುತ್ತದೆ. ಆಡುಮಾತಿನಲ್ಲಿ ನಾವು ಬಹುಪಾಲು ಜನ ಮಹಾಪ್ರಾಣವನ್ನು ಮೆಲ್ಲಗೆ ನುಂಗಿಬಿಡುತ್ತೇವೆ, ತೊಂದರೆ ಇಲ್ಲ. ಮೈಕ್ ಕಂಡೊಡನೆ ವಾರ್ತೆ ಓದುವ ಗತ್ತು ಬಂದು ‘ಭಾರತ’, ‘ಫಲಿತಾಂಶ’, ‘ಪ್ರಭಾವ’ಗಳೆಲ್ಲ ಸ್ಪಷ್ಟವಾಗುತ್ತವಲ್ಲ, ಗುದ್ದು ಬೀಳುವುದು ಆಗ. ಮೈಕನ್ನು ತುಟಿಯ ಕೊನೆಗೆ ಸರಿಸಿ ಸುಮಾರು 45 ಡಿಗ್ರಿ ಓರೆಯಾಗಿ ತಿರುಗಿಸಿ. ಗಾಳಿ ಪಕ್ಕಕ್ಕೆ ಹಾದುಹೋಗುತ್ತದೆ, ದನಿ ಉಳಿಯುತ್ತದೆ. ‘ಶ’, ‘ಷ’, ‘ಸ’ಗಳ ಸೀಟಿಯೂ ಇದರಿಂದಲೇ ಸ್ವಲ್ಪ ಇಳಿಯುತ್ತದೆ. ಮೇಲಿಂದ ಒಂದು ಫೋಮ್ ಟೊಪ್ಪಿಗೆಯನ್ನೋ, ನೈಲಾನ್ ಬಟ್ಟೆಯ ಪಾಪ್ ಫಿಲ್ಟರನ್ನೋ ಹಾಕಿ. ಇವು ಕೆಲವು ನೂರು ರೂಪಾಯಿಯ ಸಾಮಾನು.

ಈಗ ಮೈಕಿನ ಜಾತಿ. ಡೈನಾಮಿಕ್ ಮೈಕಿನಲ್ಲಿ ಪರದೆಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ಹೊರಗಿನ ವಿದ್ಯುತ್ ಬೇಡ, ಕಿವಿ ಸ್ವಲ್ಪ ಮಂದ. ಕಂಡೆನ್ಸರ್ ಮೈಕಿನಲ್ಲಿ ಚಾರ್ಜ್ ಆದ ಎರಡು ತಟ್ಟೆಗಳು. ಅದಕ್ಕೆ ಸಾಮಾನ್ಯವಾಗಿ ಕೇಬಲ್ಲಿನಲ್ಲೇ ಬರುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್ ಬೇಕು, ಕಿವಿ ಬಹಳ ಚುರುಕು. ಮಂದ ಕಿವಿಯದೇ ಮನೆಗೆ ಒಳ್ಳೆಯದು, ಹತ್ತಿರದ ಬಾಯನ್ನಷ್ಟೇ ಕೇಳಿಸಿಕೊಂಡು ದೂರದ ಆಟೋವನ್ನು ಬಿಟ್ಟುಬಿಡುತ್ತದೆ. ಕಂಡೆನ್ಸರ್ ಸ್ಟುಡಿಯೊದ ವಸ್ತು. ಮನೆಯಲ್ಲಿ ಅದು ಎದುರು ಮನೆಯ ಕೊಳಾಯಿಯನ್ನೂ ಬಿಡದೆ ಬರೆದಿಡುತ್ತದೆ.

ಹೊಸಬರು ಅತಿ ಹೆಚ್ಚು ಮೋಸಹೋಗುವುದು ‘ಸಂಪೂರ್ಣ ಸ್ಟುಡಿಯೊ ಕಿಟ್’ ಎಂಬ ಹೆಸರಿನಲ್ಲಿ. ಬಿಎಂ-800 ಬಗೆಯ ಕಂಡೆನ್ಸರ್ ಮೈಕು, ಕತ್ತರಿಯಂತೆ ಮಡಚುವ ತೋಳು, ಒಂದು ಪಾಪ್ ಫಿಲ್ಟರು, ಒಂದು ಕಡೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇನ್ನೊಂದು ಕಡೆ 3.5 ಮಿ.ಮೀ. ಪಿನ್ನಿರುವ ಕೇಬಲ್ಲು, ಎಲ್ಲ ಸೇರಿ ಒಂದೆರಡು ಸಾವಿರ. ಆ ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ 48 ವೋಲ್ಟ್ ಬೇಡುವ ಮೈಕಿಗೆ ಸಿಗುವುದು ಹೆಚ್ಚೆಂದರೆ ಐದು ವೋಲ್ಟ್. ದನಿ ಕ್ಷೀಣ, ಹಿಂದೆ ‘ಸುಸ್ಸ್’ ಎಂಬ ಸದ್ದು ಪ್ರಬಲ. ಗೇನ್ ಏರಿಸಿದಷ್ಟೂ ಸುಸ್ಸ್ ಏರುತ್ತದೆ. ಮೈಕ್ ಕೆಟ್ಟಿದೆ ಎಂದುಕೊಂಡು ವಾಪಸ್ ಕಳಿಸಿ ಅದೇ ಬಗೆಯ ಇನ್ನೊಂದನ್ನು ತರಿಸುವವರಿದ್ದಾರೆ. ಕೆಟ್ಟಿರುವುದೇನೂ ಇಲ್ಲ, ಅದಕ್ಕೆ ಹೊಟ್ಟೆಗೆ ಸಾಲದಾಗಿದೆ.

ಒಬ್ಬರೇ ಮಾತಾಡುವ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಪಾಡ್‌ಕಾಸ್ಟಿಗೆ ನಾವು ಹೇಳುವುದು ಫೋನ್ ಮತ್ತು ತಂತಿಯ ಕಾಲರ್ ಮೈಕು. ಬೋಯಾ ಬಿವೈ-ಎಂ1 ಎಂಬುದು ಊರೂರಿನ ಮೊಬೈಲ್ ಅಂಗಡಿಗಳಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಆರು ಮೀಟರ್ ತಂತಿ, ನಡುವೆ ಒಂದು ಚಿಕ್ಕ ಡಬ್ಬಿ, ಡಬ್ಬಿಯ ಮೇಲೊಂದು ಸ್ವಿಚ್ಚು. ಎಲ್ಲ ಎಡವಟ್ಟು ಆ ಸ್ವಿಚ್ಚಿನಲ್ಲೇ. ಫೋನಿಗೆ ಬಳಸುವಾಗ ಅದು ಸ್ಮಾರ್ಟ್‌ಫೋನ್ ಕಡೆಗಿರಬೇಕು, ಆಗ ಬ್ಯಾಟರಿಯೂ ಬೇಡ. ಕ್ಯಾಮೆರಾ ಕಡೆಗಿದ್ದರೆ ಒಳಗಿನ ಎಲ್‌ಆರ್44 ಬ್ಯಾಟರಿ ಬೇಕು. ಅದರ ಪಿನ್ನಿನಲ್ಲಿ ಮೂರು ಕಪ್ಪು ಉಂಗುರಗಳಿರುವುದು ಫೋನಿಗಾಗಿ. ಹಲವು ಹೊಸ ಫೋನುಗಳಲ್ಲಿ ಹೆಡ್‌ಫೋನ್ ತೂತೇ ಇಲ್ಲವಾದ್ದರಿಂದ ಟೈಪ್-ಸಿ ಅಡಾಪ್ಟರ್ ಬೇಕು, ಅದರಲ್ಲೂ ಮೈಕಿನ ದಾರಿ ಇರುವಂಥದು. ಬರೀ ಹಾಡು ಕೇಳಲು ಮಾಡಿದ ಅಗ್ಗದ ಅಡಾಪ್ಟರ್ ಹಾಕಿದರೆ ಫೋನ್ ತನ್ನ ಸ್ವಂತ ಮೈಕಿನಿಂದಲೇ ಮುದ್ರಿಸಿಕೊಳ್ಳುತ್ತಾ ಹೋಗುತ್ತದೆ, ಪರದೆಯ ಮೇಲೆ ಯಾವ ಸುಳಿವೂ ಕೊಡುವುದಿಲ್ಲ. ಪರೀಕ್ಷೆ ಸುಲಭ: ಮುದ್ರಣ ಒತ್ತಿ, ಕಾಲರ್ ಮೈಕನ್ನು ಉಗುರಿನಿಂದ ಕೆರೆಯಿರಿ, ಆಮೇಲೆ ಫೋನಿನ ಕೆಳಅಂಚನ್ನು ಕೆರೆಯಿರಿ. ಯಾವುದು ಜೋರಾಗಿ ಕೇಳಿತೋ ಅದು ಕೆಲಸ ಮಾಡುತ್ತಿದೆ.

ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಗಂಜಿ ಹಾಕಿದ ಖಾದಿ, ರೇಷ್ಮೆ, ಗರಿಗರಿ ದುಪಟ್ಟಾ ಉಜ್ಜಿದಾಗಲೆಲ್ಲ ಸರಪರ ಎನ್ನುತ್ತದೆ, ಮೆತ್ತನೆಯ ಹತ್ತಿಬಟ್ಟೆ ಒಳ್ಳೆಯದು. ತಾಳಿಸರ, ಬಳೆ ಮೈಕಿಗೆ ತಾಕದಂತೆ ನೋಡಿಕೊಳ್ಳಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಕರೆ ಬಂದು ಮುದ್ರಣ ಅರ್ಧಕ್ಕೆ ನಿಂತೀತು. ಮುದ್ರಿಸುವ ಆ್ಯಪಿನಲ್ಲಿ ದನಿಯನ್ನು ಕುಗ್ಗಿಸದ ವೇವ್ ಫೈಲ್ ಆಯ್ಕೆಯಿದ್ದರೆ ಅದನ್ನೇ ಆರಿಸಿ, ಆಟೊ ಗೇನ್ ಮತ್ತು ನಾಯ್ಸ್ ಕ್ಯಾನ್ಸಲೇಶನ್ ತೆಗೆದುಹಾಕಿ. ಆಟೊ ಗೇನ್ ಇದ್ದರೆ ನೀವು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗೆಲ್ಲ ಕೋಣೆಯ ಸದ್ದು ಅಲೆಯಂತೆ ಎದ್ದುಬರುತ್ತದೆ.

ತಂತಿಯಿಲ್ಲದ ಕಾಲರ್ ಮೈಕುಗಳು ಹಬ್ಬಿವೆ. ಅಗ್ಗದವು 2.4 ಗಿಗಾಹರ್ಟ್ಸ್‌ನಲ್ಲಿ ಓಡುವಂಥವು, ಮನೆಯ ವೈಫೈ ಕೂಡ ಅಲ್ಲೇ ಇರುತ್ತದೆ. ಮುದ್ರಣದ ನಡುವೆ ಕ್ಷಣಕಾಲ ಮಾತು ಮಾಯವಾಗುವುದು ಇದರಿಂದ. ನಡೆದಾಡುತ್ತಾ ವಿಡಿಯೊ ಮಾಡುವವರಿಗೆ ಸರಿ. ಕೂತು ಮಾತಾಡುವವರಿಗೆ ತಂತಿಯೇ ಭದ್ರ.

ಇದಕ್ಕಿಂತ ಒಂದು ಮೆಟ್ಟಿಲು ಮೇಲೆ, ಲ್ಯಾಪ್‌ಟಾಪಿಗೆ ನೇರ ಚುಚ್ಚುವ ಡೈನಾಮಿಕ್ ಯುಎಸ್‌ಬಿ ಮೈಕು. ಸ್ಯಾಮ್ಸನ್ ಕ್ಯೂ2ಯು, ಆಡಿಯೊ-ಟೆಕ್ನಿಕಾ ಎಟಿಆರ್2100ಎಕ್ಸ್ ಇವೆರಡರಲ್ಲೂ ಯುಎಸ್‌ಬಿ ಜೊತೆಗೆ ಎಕ್ಸ್‌ಎಲ್‌ಆರ್ ತೂತೂ ಇದೆ. ಇವತ್ತು ಲ್ಯಾಪ್‌ಟಾಪು, ನಾಳೆ ಇಂಟರ್‌ಫೇಸು (ಎಕ್ಸ್‌ಎಲ್‌ಆರ್ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ), ಮೈಕ್ ಬದಲಿಸಬೇಕಿಲ್ಲ. ಹೊಸಬರಿಗೆ ಒಂದೇ ಒಂದು ಮೈಕ್ ಹೇಳಿ ಎಂದರೆ ನಾವು ಈ ಬಗೆಯದನ್ನೇ ಹೇಳುತ್ತೇವೆ. ಮೈಕಿನಲ್ಲೇ ಹೆಡ್‌ಫೋನ್ ತೂತಿರುವುದರಿಂದ ನಿಮ್ಮ ದನಿ ತಡವಿಲ್ಲದೆ ಕಿವಿಗೆ ಬೀಳುತ್ತದೆ.

ಯುಎಸ್‌ಬಿ ಮೈಕಿನ ಮಿತಿ ಕಾಣುವುದು ಎರಡನೆಯವರು ಬಂದು ಕೂತಾಗ. ಇನ್ನೊಂದು ಯುಎಸ್‌ಬಿ ಮೈಕ್ ತಂದು ಚುಚ್ಚಿದರಾಯಿತು ಅಂದುಕೊಳ್ಳುತ್ತಾರೆ. ವಿಂಡೋಸ್‌ನಲ್ಲಿ ಒಡಾಸಿಟಿಯಂಥ ತಂತ್ರಾಂಶ ಒಂದು ಸಲಕ್ಕೆ ಒಂದೇ ಸಾಧನದಿಂದ ಮುದ್ರಿಸಿಕೊಳ್ಳುತ್ತದೆ. ಮ್ಯಾಕ್‌ನಲ್ಲಿ ಎರಡನ್ನೂ ಸೇರಿಸಿ ಅಗ್ರಿಗೇಟ್ ಡಿವೈಸ್ ಮಾಡಬಹುದು, ಆದರೆ ಎರಡು ಮೈಕುಗಳ ಒಳಗಡಿಯಾರಗಳು ಒಂದೇ ವೇಗದಲ್ಲಿ ಓಡದೆ, ಹೊತ್ತು ಹೋದಂತೆ ಇಬ್ಬರ ಮಾತು ಹಿಂದೆಮುಂದೆ ಜಾರಬಹುದು. ಹಾಗಾಗಿ ಇಬ್ಬರಿಗೆ ಎರಡು ಎಕ್ಸ್‌ಎಲ್‌ಆರ್ ಮೈಕು ಮತ್ತು ಎರಡು ಒಳದಾರಿಯ ಆಡಿಯೊ ಇಂಟರ್‌ಫೇಸು. ಹೆಸರು ನೋಡಿ ಕೊಳ್ಳಿ: ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊದಲ್ಲಿ ಮೈಕಿನ ದಾರಿ ಒಂದೇ, 2ಐ2ನಲ್ಲಿ ಎರಡು. ದುಡ್ಡಿಲ್ಲದಿದ್ದರೆ ಎರಡು ಫೋನು, ಎರಡು ಕಾಲರ್ ಮೈಕು ಸಾಕು. ಶುರುವಿನಲ್ಲೊಮ್ಮೆ, ಕೊನೆಯಲ್ಲೊಮ್ಮೆ ಎರಡೂ ಫೋನಿಗೆ ಕೇಳುವಂತೆ ಚಪ್ಪಾಳೆ ಹೊಡೆಯಿರಿ. ಸಂಕಲನದಲ್ಲಿ ಮೊದಲ ಚಪ್ಪಾಳೆಯ ಮೊನೆಗಳನ್ನು ಒಂದರ ಕೆಳಗೊಂದು ಕೂಡಿಸಿ, ಕೊನೆಯ ಚಪ್ಪಾಳೆ ಎಷ್ಟು ಜಾರಿದೆ ನೋಡಿ, ಅಷ್ಟನ್ನು ಎಳೆದು ಸರಿಮಾಡಬಹುದು.

ಇಬ್ಬರ ನಡುವೆ ಒಂದೇ ಮೈಕ್ ಇಡಬೇಡಿ. ಎರಡು ಮೈಕ್ ಇಟ್ಟರೆ, ಒಂದರಿಂದ ಇನ್ನೊಂದಕ್ಕೆ ಇರುವ ದೂರ ಬಾಯಿಯಿಂದ ಮೈಕಿಗಿರುವ ದೂರದ ಮೂರು ಪಟ್ಟಾದರೂ ಇರಲಿ. ಚೋಟು ದೂರದಲ್ಲಿ ಮಾತಾಡಿದರೆ ಮೈಕುಗಳ ನಡುವೆ ಒಂದೂವರೆ ಅಡಿ. ಇದಕ್ಕಿಂತ ಹತ್ತಿರವಾದರೆ ಒಬ್ಬರ ದನಿ ಎರಡೂ ಮೈಕಿಗೆ ಚೂರು ಹಿಂದೆಮುಂದೆ ತಲುಪಿ, ಕೊಳವೆಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ.

ಎಕ್ಸ್‌ಎಲ್‌ಆರ್ ಮೈಕುಗಳಲ್ಲಿ ಶೂರ್ ಎಸ್‌ಎಂ58 1966ರಿಂದ ಮಾರುಕಟ್ಟೆಯಲ್ಲಿದೆ. ಹರಿಕಥೆಯಿಂದ ಆರ್ಕೆಸ್ಟ್ರಾವರೆಗೆ ನಮ್ಮ ವೇದಿಕೆಗಳಲ್ಲಿ ನೀವು ನೋಡಿರುವ ಜಾಲರಿ ತಲೆಯ ಆ ಮೈಕೇ. ಪಾಡ್‌ಕಾಸ್ಟಿಗೆ ಧಾರಾಳವಾಗಿ ಸಾಕು. ಅಷ್ಟೇ ಧಾರಾಳವಾಗಿ ಅದರ ನಕಲಿಗಳೂ ಸಿಗುತ್ತವೆ. ಅಸಲಿಯ ತೂಕ 298 ಗ್ರಾಂ, ನಕಲಿ ಸಾಮಾನ್ಯವಾಗಿ ಹಗುರ. ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲೇ ಇಟ್ಟು ನೋಡಬಹುದು. ಹಿಡಿಯ ಕೊನೆಯ ಮೂರು ಪಿನ್ನುಗಳ ಪಕ್ಕ 1, 2, 3 ಎಂದು ಕೊರೆದಿರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಕೊಳ್ಳಿ, ಆನ್‌ಲೈನಿನಲ್ಲೇ ಕೊಳ್ಳಿ, ಜಿಎಸ್‌ಟಿ ಬಿಲ್ಲು, ಆಮದುದಾರರ ವಾರಂಟಿ ಕಾರ್ಡು ಇಲ್ಲದೆ ‘ಅರ್ಧ ಬೆಲೆ’ಗೆ ಸಿಕ್ಕಿತು ಎಂದರೆ ಅದರ ಬೆಲೆಯೂ ಅಷ್ಟೇ ಅಂದುಕೊಳ್ಳಿ.

ವಿಡಿಯೊ ಪಾಡ್‌ಕಾಸ್ಟುಗಳಲ್ಲಿ ಎಲ್ಲರ ಮುಂದೆ ಕಾಣುವ ಕಪ್ಪು ಉರುಟು ಮೈಕು ಶೂರ್ ಎಸ್‌ಎಂ7ಬಿ. ಒಳ್ಳೆಯ ಮೈಕು, ಎರಡು ಮಾತಿಲ್ಲ. ಆದರೆ ಅದರ ದನಿ ಎಸ್‌ಎಂ58ಕ್ಕಿಂತಲೂ ಮೆಲು, ಅದನ್ನು ಏರಿಸಲು ಕನಿಷ್ಠ 60 ಡೆಸಿಬೆಲ್ ಗೇನ್ ಬೇಕು. ಅಗ್ಗದ ಹಲವು ಇಂಟರ್‌ಫೇಸುಗಳು 50-56ರಲ್ಲೇ ನಿಲ್ಲುತ್ತವೆ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ದನಿ ಏಳದೆ, ಸುಸ್ಸ್ ಮಾತ್ರ ಏಳುತ್ತದೆ. ಆಮೇಲೆ ದನಿ ಏರಿಸುವ ಕ್ಲೌಡ್‌ಲಿಫ್ಟರ್‌ನಂಥ ಮತ್ತೊಂದು ಡಬ್ಬಿ ಕೊಳ್ಳಬೇಕಾಗುತ್ತದೆ. ಮೈಕು, ಡಬ್ಬಿ, ಇಂಟರ್‌ಫೇಸು, ತೋಳು ಎಲ್ಲ ಸೇರಿಸಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ನಿಮ್ಮ ಇಂಟರ್‌ಫೇಸಿನ ಗೇನ್ ಎಷ್ಟು ಎಂದು ಮೊದಲು ನೋಡಿ, ಮೈಕ್ ಆಮೇಲೆ.

ಮೂರು ನಾಲ್ಕು ಜನ ಹರಟುವ ಪಾಡ್‌ಕಾಸ್ಟಿಗೆ ಎಂಟು ಚಾನೆಲ್ಲಿನ ಮಿಕ್ಸರ್ ಕೊಳ್ಳುವ ಚಾಳಿ ಇದೆ. ಅಗ್ಗದ ಯುಎಸ್‌ಬಿ ಮಿಕ್ಸರ್‌ಗಳು ಎಂಟನ್ನೂ ಕಲಸಿ ಎರಡೇ ಟ್ರ್ಯಾಕಾಗಿ ಕಂಪ್ಯೂಟರಿಗೆ ಕಳಿಸುತ್ತವೆ. ಒಬ್ಬರು ಕೆಮ್ಮಿದರೆ ಅದನ್ನು ಬೇರೆ ಮಾಡಿ ತೆಗೆಯಲಾಗದು, ಅನ್ನಕ್ಕೆ ಕಲಸಿದ ಸಾರಿನಂತೆ. ಪ್ರತಿಯೊಬ್ಬರಿಗೂ ಬೇರೆ ಟ್ರ್ಯಾಕ್ ಕೊಡುವ ಸಾಧನ ನೋಡಿ. ಜೂಮ್ ಪಾಡ್‌ಟ್ರ್ಯಾಕ್ ಪಿ4ರಲ್ಲಿ ನಾಲ್ಕು ಮೈಕಿಗೆ, ನಾಲ್ಕು ಹೆಡ್‌ಫೋನಿಗೆ ದಾರಿಯಿದೆ, ಎರಡು ಡಬಲ್-ಎ ಸೆಲ್ಲಿನ ಮೇಲೂ ಓಡುತ್ತದೆ. ಕರೆಂಟಿನ ಮುಲಾಜಿಲ್ಲ. ಫೋನ್ ಜೋಡಿಸಿದರೆ ಕರೆ ಮಾಡಿದವರ ದನಿಯನ್ನು ಬಿಟ್ಟು ಉಳಿದವರದನ್ನಷ್ಟೇ ಅವರಿಗೆ ವಾಪಸ್ ಕಳಿಸುತ್ತದೆ. ಈ ಏರ್ಪಾಡಿಗೆ ಮಿಕ್ಸ್-ಮೈನಸ್ ಎನ್ನುತ್ತಾರೆ. ಅದಿಲ್ಲದಿದ್ದರೆ ಕರೆ ಮಾಡಿದವರಿಗೆ ತಮ್ಮದೇ ಮಾತು ಪ್ರತಿಧ್ವನಿಸಿ ತೊದಲುವಂತಾಗುತ್ತದೆ.

ಒಬ್ಬರು ಧಾರವಾಡದಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯಲ್ಲಿ ಕೂತು ಮಾಡುವ ಪಾಡ್‌ಕಾಸ್ಟಿಗೆ ಮೀಟಿಂಗ್ ಆ್ಯಪಿನ ರೆಕಾರ್ಡಿಂಗ್ ನಂಬಬೇಡಿ. ನೆಟ್ ಕುಗ್ಗಿದಾಗ ಅದು ದನಿಯನ್ನೂ ಕುಗ್ಗಿಸುತ್ತದೆ. ಮಾತಾಡಲು ಆ್ಯಪ್ ಇರಲಿ, ಇಬ್ಬರೂ ತಮ್ಮ ತಮ್ಮ ಕಡೆ ಬೇರೆಯಾಗಿ ಮುದ್ರಿಸಿಕೊಂಡು ಫೈಲ್ ಕಳಿಸಿಕೊಳ್ಳಲಿ. ಇಬ್ಬರೂ 48 ಕಿಲೋಹರ್ಟ್ಸ್ (ಸೆಕೆಂಡಿಗೆ ದನಿಯ 48 ಸಾವಿರ ಮಾದರಿ) ಎಂದು ಮೊದಲೇ ಮಾತಾಡಿಕೊಳ್ಳಲಿ. 44.1ರಲ್ಲಿ ಮುದ್ರಿಸಿದ್ದನ್ನು 48 ಎಂದು ತಪ್ಪು ತಿಳಿದು ಓಡಿಸಿದರೆ ಒಂದು ಗಂಟೆಯ ಮಾತು 55 ನಿಮಿಷಕ್ಕೆ ಮುಗಿಯುತ್ತದೆ, ದನಿಯೂ ಕೀರಲಾಗುತ್ತದೆ.

ಹೆಡ್‌ಫೋನ್ ಇಲ್ಲದೆ ಮುದ್ರಿಸುವುದು ರುಚಿ ನೋಡದೆ ನೂರು ಜನಕ್ಕೆ ಬಡಿಸಿದ ಹಾಗೆ. ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯಿರುವ ಹೆಡ್‌ಫೋನ್ ಬೇಕು. ಬ್ಲೂಟೂತ್ ಬೇಡ, ಅದರಲ್ಲಿ ನಿಮ್ಮ ಮಾತು ತಡವಾಗಿ ಕಿವಿಗೆ ಬಂದು ನಾಲಗೆ ತಡವರಿಸುತ್ತದೆ. ಹಿಂಬದಿ ತೆರೆದಿರುವ ಬಗೆಯೂ ಬೇಡ, ಅದರಿಂದ ಸೋರಿದ ದನಿ ಮೈಕಿಗೆ ಹೋಗುತ್ತದೆ. ಆಡಿಯೊ-ಟೆಕ್ನಿಕಾದ ಎಂ20ಎಕ್ಸ್‌ನಂಥದು ಸಾಕು. ಇಂಟರ್‌ಫೇಸಿನ ತೂತು ದಪ್ಪ 6.35 ಮಿ.ಮೀ., ನಿಮ್ಮ ಪಿನ್ನು ಸಣ್ಣ 3.5 ಆದೀತು. ಇಪ್ಪತ್ತು ಐವತ್ತರ ಅಡಾಪ್ಟರಿಗಾಗಿ ಭಾನುವಾರದ ಮುದ್ರಣ ನಿಲ್ಲದಿರಲಿ.

ಸ್ಟ್ಯಾಂಡಿನ ವಿಷಯ ಚಿಕ್ಕದು, ಕಾಟ ದೊಡ್ಡದು. ಮೇಜಿನ ಮೇಲೆ ಮೈಕ್ ನಿಂತಿದ್ದರೆ ಕಾಫಿಯ ಸ್ಟೀಲ್ ಲೋಟ ಇಟ್ಟ ಸದ್ದು ಗುಂಡು ಹೊಡೆದಂತೆ ಬರುತ್ತದೆ. ನೆಲದ ಮೇಲೆ ನಿಲ್ಲುವ ಸ್ಟ್ಯಾಂಡು ಒಳ್ಳೆಯದು. ಮೇಜಿಗೆ ಕಚ್ಚುವ ತೋಳಾದರೆ ಕಚ್ಚುವ ಜಾಗಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ಮಡಚಿ ಇಡಿ. ಸ್ಟ್ಯಾಂಡಿನ ತಿರುಪು 3/8 ಅಂಗುಲದ್ದೋ 5/8 ಅಂಗುಲದ್ದೋ ನೋಡಿ. ಮೈಕಿನ ಕ್ಲಿಪ್ಪು ಒಂದು, ತೋಳು ಇನ್ನೊಂದು ಆಗಿರುವುದೇ ಹೆಚ್ಚು. ನಡುವೆ ಕೂರುವ ಹಿತ್ತಾಳೆಯ ಉಂಗುರ ಎರಡು ತಂದಿಟ್ಟುಕೊಳ್ಳಿ, ಒಂದು ಕಳೆದೇಹೋಗುತ್ತದೆ.

ಮುದ್ರಿಸುವಾಗ ಅತಿ ಗಟ್ಟಿಯಾಗಿ ನಕ್ಕರೂ ಮೀಟರಿನ ಮಟ್ಟ -6 ಡೆಸಿಬೆಲ್ ದಾಟದಿರಲಿ, ಮಾತು -18ರಿಂದ -12ರ ನಡುವೆ ಆಡುತ್ತಿರಲಿ. ಕೆಂಪಿಗೆ ತಾಗಿ ಒಡೆದ ದನಿಯನ್ನು ಕೂಡಿಸಲಾಗದು, ಮೆಲುವಾದದ್ದನ್ನು ಏರಿಸಬಹುದು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಬ್ಬರ ಮಾನೊ (ಒಂದೇ ದಾರಿಯ) ಟ್ರ್ಯಾಕ್ ಗಂಟೆಗೆ ಸುಮಾರು 520 ಎಂ.ಬಿ. ತಿನ್ನುತ್ತದೆ. ನಾಲ್ವರಾದರೆ ಎರಡು ಜಿ.ಬಿ. ಮೇಲೆ, ಕಾರ್ಡಿನಲ್ಲಿ ಜಾಗ ನೋಡಿ ಕೂರಿ. ಹಿಂದೆ ‘ಹುಂ’ ಎಂಬ ಒಂದೇ ಶ್ರುತಿಯ ಗುಂಗು ಇದ್ದರೆ ಅದು 50 ಹರ್ಟ್ಸ್ ಕರೆಂಟಿನದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿ. ನಿಂತರೆ ತೊಂದರೆ ಚಾರ್ಜರಿನದೋ ಗೋಡೆಯ ಸಾಕೆಟ್ಟಿನ ಅರ್ಥಿಂಗಿನದೋ ಇರಬಹುದು, ಎಲೆಕ್ಟ್ರಿಷಿಯನ್ನನ್ನು ಕರೆದು ತೋರಿಸಿ. ನಿಲ್ಲದಿದ್ದರೆ ಕೇಬಲ್ ಬದಲಿಸಿ ನೋಡಿ. ಎಕ್ಸ್‌ಎಲ್‌ಆರ್‌ನ ಮೂರು ಪಿನ್ನಿನಲ್ಲಿ ಒಂದರ ಬೆಸುಗೆ ಬಿಟ್ಟಿದ್ದರೂ ಡೈನಾಮಿಕ್ ಮೈಕಿನ ದನಿ ಹಲವು ಸಲ ಬರುತ್ತದೆ, ಆದರೆ ಬಡಕಲಾಗಿ, ಗುಂಗಿನೊಂದಿಗೆ. ಅದಕ್ಕೇ ಹೆಚ್ಚು ಜನ ಕೇಬಲ್ ಮೇಲೆ ಅನುಮಾನಪಡದೆ ಮೈಕನ್ನು ಬೈಯುವುದು.

ಸಂಕಲನಕ್ಕೆ ಒಡಾಸಿಟಿ ಪುಕ್ಕಟೆ, ಅದರಲ್ಲಿ ಎಲ್ಲವೂ ಇದೆ. ಮಾತು ಶುರು ಮಾಡುವ ಮೊದಲು ಹತ್ತು ಸೆಕೆಂಡು ಎಲ್ಲರೂ ಸುಮ್ಮನೆ ಕೂತು ಕೋಣೆಯ ಮೌನವನ್ನು ಮುದ್ರಿಸಿ. ಸದ್ದು ತಗ್ಗಿಸುವ ಸಾಧನಕ್ಕೆ ಮಾದರಿಯಾಗಿ ಕೊಡಲು ಅದು ಬೇಕು. ಅಲ್ಲಿ 6 ಡೆಸಿಬೆಲ್ ಸಾಕು. ಇಪ್ಪತ್ತು ಕೊಟ್ಟರೆ ಮಾತು ನೀರೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. 80 ಹರ್ಟ್ಸ್ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಿಂದ ಕತ್ತರಿಸಿ, ಗಟ್ಟಿ ಮತ್ತು ಮೆಲು ದನಿಯ ಅಂತರ ತಗ್ಗಿಸುವ ಕಂಪ್ರೆಸರ್ 3:1ರ ಆಸುಪಾಸಿನಲ್ಲಿಟ್ಟು, ಕೊನೆಗೆ ಲೌಡ್‌ನೆಸ್ ನಾರ್ಮಲೈಸೇಶನ್, ಅಂದರೆ ಸಂಚಿಕೆಯ ಒಟ್ಟು ಗಟ್ಟಿತನವನ್ನು ಒಂದು ಮಟ್ಟಕ್ಕೆ ತರುವುದು. ಅದರ ಅಳತೆ ಎಲ್‌ಯುಎಫ್‌ಎಸ್: ಸ್ಟೀರಿಯೊಗೆ -16, ಮಾನೊಗೆ -19. ಅಲ್ಲಿ ಮಾನೊವನ್ನು ಎರಡು ದಾರಿಯಂತೆ ಎಣಿಸುವ ಒಂದು ಗುರುತು ಇದೆ, ಅದು ಹಾಕಿದ್ದರೆ ಮಾನೊಗೂ -16 ಎಂದೇ ಕೊಡಿ. ಆ ಗುರುತಿದ್ದೂ -19 ಕೊಟ್ಟರೆ ನಿಮ್ಮ ಸಂಚಿಕೆ ಬೇರೆಯವರದಕ್ಕಿಂತ 3 ಡೆಸಿಬೆಲ್ ತಗ್ಗುತ್ತದೆ. ಬರೀ ಮಾತಿಗೆ ಮಾನೊ ಎಂಪಿ3, 96 ಕೆಬಿಪಿಎಸ್ ಸಾಕು. ಗಂಟೆಗೆ 43 ಎಂ.ಬಿ. ಆಗುತ್ತದೆ, ಹಳ್ಳಿಯ ನೆಟ್‌ನಲ್ಲೂ ಇಳಿಯುತ್ತದೆ.

ಹಳೆಯ ಸಾಮಾನು ಕೊಳ್ಳುವವರಿಗೆ: ಡೈನಾಮಿಕ್ ಮೈಕನ್ನು ಕಣ್ಣುಮುಚ್ಚಿ ಅಲ್ಲದಿದ್ದರೂ ಕಿವಿಗೊಟ್ಟು ಕೊಳ್ಳಬಹುದು, ಅದರಲ್ಲಿ ಕೆಡುವಂಥದು ಕಡಿಮೆ. ಕರಾವಳಿ, ಮಲೆನಾಡಿನಲ್ಲಿ ಮೂರು ನಾಲ್ಕು ಮಳೆಗಾಲ ಕಂಡ ಕಂಡೆನ್ಸರ್ ಬೇಡ. ತೇವ ಹಿಡಿದ ತಟ್ಟೆ ಎಣ್ಣೆಗೆ ಹಾಕಿದ ಸಾಸಿವೆಯಂತೆ ಚಟಪಟ ಎನ್ನುತ್ತದೆ. ಇರುವವರು ಅದನ್ನು ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಲಿ.

ಪತ್ರಿಕೆ ಮುಂದೆ ಇಂಥ ಪಟ್ಟಿ ಹಾಕುವಾಗ ಮೈಕಿನ ಬೆಲೆಯ ಪಕ್ಕದಲ್ಲೇ ಅದಕ್ಕೆ ಬೇಕಾದ ಕೇಬಲ್ಲು, ಸ್ಟ್ಯಾಂಡು, ಇಂಟರ್‌ಫೇಸು, ಅಡಾಪ್ಟರುಗಳ ಬೆಲೆಯನ್ನೂ ಕೂಡಿಸಿ ಹಾಕಬೇಕೆಂದು ಕೋರುತ್ತೇವೆ. ಓದುಗರು ಅಂಗಡಿಗೆ ಹೋಗುವ ಮೊದಲು ಇಷ್ಟು ಮಾಡಲಿ: ಕೈಯಲ್ಲಿರುವ ಫೋನಿನಿಂದಲೇ, ಫ್ಯಾನ್ ಆರಿಸಿ, ಬೀರು ತೆರೆದು, ಚೋಟು ದೂರದಲ್ಲಿ ಓರೆಯಾಗಿ ಹಿಡಿದು ಎರಡು ನಿಮಿಷ ಮುದ್ರಿಸಲಿ. ಅದನ್ನು ನೂರು ರೂಪಾಯಿಯ ಇಯರ್‌ಫೋನಿನಲ್ಲಿ, ಓಡುವ ಬಸ್ಸಿನಲ್ಲಿ ಕೂತು ಕೇಳಲಿ. ಮಾತು ಅಲ್ಲೂ ತಿಳಿಯುತ್ತಿದ್ದರೆ ಮೊದಲ ಹತ್ತು ಸಂಚಿಕೆಗಳಿಗೆ ಏನನ್ನೂ ಕೊಳ್ಳಬೇಕಿಲ್ಲ.

ಇಂತು,
ಧ್ವನಿಮುದ್ರಣ ಮತ್ತು ಸಂಕಲನ ಕೆಲಸದಲ್ಲಿರುವ ಇಬ್ಬರು ಓದುಗರು
ಬೆಂಗಳೂರು